ಒಂಬತ್ತೋ ಆರೋ

ಹಳೇ ಕಾರುಗಳ ಕಬ್ಬಿಣಕ್ಕೆ ಜಾತಕ ಹೇಳುವುದು ನನ್ನ ಕಸುಬು. ಮಾರೇನಹಳ್ಳಿಯ ನನ್ನ ಶೆಡ್ಡಿಗೆ ಜನ ಆಕ್ಸಲ್ ಹೌಸಿಂಗ್ ಹೊತ್ತು ತರುತ್ತಾರೆ, ಅಂದರೆ ಹಿಂದಿನ ಎರಡು ಚಕ್ರಗಳ ನಡುವೆ ಆಕ್ಸಲನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವ ದಪ್ಪ ಕಬ್ಬಿಣ. "ಇದು ನಮ್ಮ ಕಾರಿನ ಜೊತೆಗೇ ಬಂದಿದ್ದು ತಾನೇ ಸಾರ್?" ಅಂತ ಕೇಳುತ್ತಾರೆ. ಹೌದು ಅನ್ನಿಸಿಕೊಳ್ಳುವುದಕ್ಕೇ ಬಂದಿರುತ್ತಾರೆ. ಅಲ್ಲ ಅಂದರೆ ಮುಖ ಊದಿಸಿಕೊಂಡು ಹೋಗುತ್ತಾರೆ. ಹೋಗಲಿ. ಎರಕ ಹೊಯ್ಯುವಾಗಲೇ ಅಚ್ಚಿನಲ್ಲಿ ಮೂಡಿದ ಗುರುತು ಯಾರ ಮುಲಾಜಿಗೂ ಬಗ್ಗುವುದಿಲ್ಲ. ತಿಂಗಳಿಗೊಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ವರ್ಷದ ಕೊನೆಯ ಅಂಕಿ. ಕೆಲವು ಫೌಂಡ್ರಿಗಳು ಬಿಟ್ಟಿರುವುದು ಇಷ್ಟೇ. ಎರಕವಾದ ಹೌಸಿಂಗ್ ಕೆಲವೇ ತಿಂಗಳಲ್ಲಿ ಕಾರಿಗೆ ಕೂರುತ್ತಿತ್ತು. ಹಾಗಾಗಿ ಕಬ್ಬಿಣದ ವಯಸ್ಸು ತಿಳಿದರೆ ಕಾರಿನ ವಯಸ್ಸೂ ಹೆಚ್ಚುಕಡಿಮೆ ತಿಳಿದ ಹಾಗೆ.

ಈಚೆಗೆ ಉಲ್ಲಾಳದಲ್ಲಿ ನಮ್ಮ ಹಳೇ ಕೊಟ್ಟಿಗೆ ಕೆಡವಿದಾಗ ಒಂದು ಮುರಿದ ಹೌಸಿಂಗ್ ಸಿಕ್ಕಿತು. ಹಸು ಕಟ್ಟುವುದಕ್ಕೆಂದು ಅರ್ಧ ನೆಲದಲ್ಲಿ ಹೂತಿದ್ದರು. ಅದನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಶೆಡ್ಡಿಗೆ ತಂದೆ.

ಅದು ತಾತನ ಕಾರಿನದು. ಅಜ್ಜಿಗೆ ಹೆರಿಗೆ ನೋವು ಬಂದು ಆಸ್ಪತ್ರೆಗೆ ಹೊರಟಾಗ ಮಾಗಡಿ ರಸ್ತೆಯಲ್ಲಿ ಮುರಿದದ್ದು ಇದೇ. ಅತ್ತೆ, ಅಂದರೆ ನನ್ನ ಅಪ್ಪನ ತಂಗಿ, ನಿಂತ ಕಾರಿನಲ್ಲೇ ಹುಟ್ಟಿದಳು. ಅಜ್ಜಿ ಉಳಿಯಲಿಲ್ಲ. ಹೊಸ ಗಾಡಿಯ ಆಕ್ಸಲ್ ಸುಮ್ಮಸುಮ್ಮನೆ ಮುರಿಯುತ್ತದೆಯೇ, ಎಲ್ಲ ಆ ಮಗುವಿನ ಕಾಲ್ಗುಣ ಅಂತ ಊರು ತೀರ್ಮಾನಿಸಿತು. ಭೂಮಿಗೆ ಇನ್ನೂ ಕಾಲೇ ಇಡದ ಕೂಸಿಗೆ ಕಾಲ್ಗುಣ! ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಅತ್ತೆ ಈಗ ಗೋವಿಂದರಾಜನಗರದಲ್ಲಿ ನಮ್ಮ ಜೊತೆಗೇ ಇದ್ದಾಳೆ. ಗೃಹಪ್ರವೇಶಕ್ಕೆ ಹೋದರೆ ಎಲ್ಲರೂ ಹೊಸಿಲು ದಾಟಿದ ಮೇಲೆ ಒಳಗೆ ಬರುತ್ತಾಳೆ. ಹೊಸ ಸೊಸೆ ಸೇರು ಒದೆಯುವ ಹೊತ್ತಿಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಾಳೆ. ನಾನು ಬೈಕ್ ತಂದ ದಿನ ಆರತಿ ತಟ್ಟೆ ಸಿದ್ಧ ಮಾಡಿದವಳು ಅವಳೇ. ಅದನ್ನು ಅಮ್ಮನ ಕೈಗೆ ಕೊಟ್ಟು ಒಳಗೆ ಹೋಗಿಬಿಟ್ಟಳು. ಆಚೆ ಹೋಗು ಅಂತ ಯಾರೂ ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಈ ಕಬ್ಬಿಣದ ಪಾಡೇ ವಾಸಿ. ಆಯುಧಪೂಜೆ ಬಂತೆಂದರೆ ಗುದ್ದಲಿ, ಮಚ್ಚುಗಳ ಜೊತೆ ಇದಕ್ಕೂ ಕುಂಕುಮ ಬೀಳುತ್ತಿತ್ತು. ಆ ಕುಂಕುಮ, ಎಣ್ಣೆ, ಸಗಣಿ ಎಲ್ಲ ಸೇರಿ ಗುರುತಿನ ಮೇಲೆ ಗಾರೆಯ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆ ಸುರಿದು, ತಂತಿ ಬ್ರಷ್ಷಿನಿಂದ ಉಜ್ಜಿ, ಸೀಮೆಸುಣ್ಣವನ್ನು ಅಡ್ಡಡ್ಡ ಸವರಿದೆ. ಉಬ್ಬಿದ ಅಂಕಿ ಬೆಳ್ಳಗೆ ಎದ್ದಿತು. ಒಂಬತ್ತು. ಅತ್ತೆ ಹುಟ್ಟಿದ ವರ್ಷದ ಕೊನೆಯ ಅಂಕಿಯೂ ಒಂಬತ್ತೇ. ಹತ್ತು ವರ್ಷ ಹಿಂದಿನ ಒಂಬತ್ತಲ್ಲದಿದ್ದರೆ ಗಾಡಿ ನಿಜವಾಗಿಯೂ ಹೊಸದು. ಊರಿನವರು ಆಡಿದ ಮಾತಿಗೆ ನಾನೇ ಕೂತು ಮುದ್ರೆ ಒತ್ತಿದಂತಾಯಿತು. ನನಗ್ಯಾಕೆ ಬೇಕಿತ್ತು ಈ ಉಸಾಬರಿ ಅನ್ನಿಸಿ, ಬ್ರಷ್ ಬಿಸಾಕಿ ಟೀ ಕುಡಿಯಲು ಹೋದೆ.

ವಾಪಸ್ ಬಂದು ಕೂತರೆ ಕೈ ಸುಮ್ಮನಿರಲಿಲ್ಲ. ಅಂಕಿಯ ಪಕ್ಕ ಇನ್ನೂ ಅಂಟಿಕೊಂಡಿದ್ದ ಕುಂಕುಮದ ಹೆಪ್ಪನ್ನು ಕೆರೆದೆ. ಅಡಿಯಲ್ಲಿ ತಿಂಗಳ ಅಕ್ಷರ ಇತ್ತು, ಎಫ್. ಅದು ತಲೆಕೆಳಗಾಗಿ ನಿಂತಿತ್ತು. ಕಬ್ಬಿಣವನ್ನು ಹೊರಳಿಸಿದೆ. ಎಫ್ ನೆಟ್ಟಗಾಯಿತು, ಒಂಬತ್ತು ಆರಾಯಿತು. ಅತ್ತೆ ಹುಟ್ಟುವುದಕ್ಕಿಂತ ಕಡಿಮೆ ಅಂದರೂ ಮೂರು ವರ್ಷ ಮುಂಚಿನ ಎರಕ, ಹದಿಮೂರೂ ಇರಬಹುದು.

ಮನೆಗೆ ಹೋಗಿ ಅಪ್ಪನನ್ನು ಕೇಳಿದೆ. ಕಾರು ಬಂದಾಗ ಅವನು ಇನ್ನೂ ಚಿಕ್ಕ ಹುಡುಗ.

"ತಂದ ದಿನಾನೇ ಒಂದು ಬಾಗಿಲು ಹಾಕ್ಕೊಳ್ತಿರ್ಲಿಲ್ಲ ಕಣೋ, ಹಗ್ಗ ಕಟ್ಟಿದ್ರು," ಅಂದ. "ಆದ್ರೂ ಹೊಸ ಗಾಡಿ ಅಂತಾನೇ ಅಂತಿದ್ವಿ. ಮನೆಗೆ ಹೊಸದು ತಾನೇ?"

ಇಷ್ಟೇ. ನಮ್ಮಲ್ಲಿ ಇವತ್ತಿಗೂ ಸೆಕೆಂಡ್‌ಹ್ಯಾಂಡ್ ಸ್ಕೂಟರಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಹೊಸ ಗಾಡಿ ತಗೊಂಡೆವು ಅಂತ ಬೀದಿಗೆಲ್ಲ ಪೇಡ ಹಂಚುತ್ತೇವೆ. ಯಾರೂ ಸುಳ್ಳು ಹೇಳಿರಲಿಲ್ಲ. ಕಾರು ಹೋಯಿತು, ಕಂಡವರು ಹೋದರು, ಹೊಸ ಅನ್ನುವ ಮಾತು ಮಾತ್ರ ಉಳಿಯಿತು. ಅದು ಅತ್ತೆಯ ತಲೆಗೆ ಸುತ್ತಿಕೊಂಡಿತು.

ಮಾರನೇ ದಿನ ಅವಳನ್ನು ಶೆಡ್ಡಿಗೆ ಕರೆತಂದೆ. ಇಷ್ಟು ಖುಷಿಯಿಂದ ನಾನು ಯಾವ ಕಬ್ಬಿಣವನ್ನೂ ಯಾರಿಗೂ ತೋರಿಸಿರಲಿಲ್ಲ.

"ನೋಡತ್ತೆ, ಇದು ನೀನು ಹುಟ್ಟೋಕೆ ಎಷ್ಟೋ ಮುಂಚಿಂದು. ತಾತ ತಂದಿದ್ದು ಓಡಿ ಓಡಿ ಸವೆದ ಹಳೇ ಗಾಡಿ, ಅದಕ್ಕೇ ಮುರೀತು. ಕಾಲ್ಗುಣನೂ ಇಲ್ಲ, ಮಣ್ಣೂ ಇಲ್ಲ."

ಅತ್ತೆ ಬಗ್ಗಿ ಆ ಆರರ ಮೇಲೆ ಬೆರಳಾಡಿಸಿದಳು. ನಗುತ್ತಾಳೆ ಅಂದುಕೊಂಡೆ, ಇಲ್ಲವೇ ಅಳುತ್ತಾಳೆ. ಎರಡೂ ಮಾಡಲಿಲ್ಲ. ಬೆರಳಿಗೆ ಹತ್ತಿದ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡಳು.

"ಹಳೇ ಗಾಡಿ ಅಂತ ಊರೋರಿಗೆ ಗೊತ್ತಿರ್ಲಿಲ್ಲ, ಸರಿ," ಅಂದಳು. "ತಂದೋನಿಗೆ ಗೊತ್ತಿತ್ತಲ್ವೇನೋ? ಅವರೆಲ್ಲ ನನ್ನ ಅಂದಾಡೋವಾಗ ನಮ್ಮಪ್ಪ ಅಲ್ಲೇ ಜಗಲಿ ಮೇಲೆ ಕೂತಿರ್ತಿದ್ದ."