ಮಾವನ ಕಿವಿಯ ಬೆಂಡೋಲೆ

ನಮ್ಮ ಮಾವನ ಬಲಗಿವಿಯ ತೂತು ಎಡಗಿವಿಯದಕ್ಕಿಂತ ಕೊಂಚ ಕೆಳಗಿತ್ತು. ಹಾಗಾಗಿ ಕೆಂಪು ಹರಳಿನ ಎರಡು ಬೆಂಡೋಲೆಗಳು ಎಂದೂ ಒಂದೇ ಸಾಲಿಗೆ ಬರುತ್ತಿರಲಿಲ್ಲ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಗಲ್ಲದ ಮೇಲೆ ವಾರದ ಬಿಳಿ ಕುರುಚಲು, ಅದರ ಮಗ್ಗುಲಿಗೆ ಹೆಂಗಸರ ಕಿವಿಯ ಆ ಒಡವೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅವರದು ದಲಾಲಿ ಅಂಗಡಿ. ಹೊಸದಾಗಿ ಬಂದವರು ವ್ಯಾಪಾರ ಮರೆತು ಅವರ ಕಿವಿಯನ್ನೇ ನೋಡುತ್ತ ನಿಲ್ಲುತ್ತಿದ್ದರು.

"ಕಿವಿ ನೋಡಿದ್ದು ಸಾಕು, ಕಾಯಿ ನೋಡ್ರಿ. ಕಾಯಿ ಮಾರಾಕ ಕುಂತೇನಿ ನಾ, ಕಿವಿ ಅಲ್ಲ" ಎನ್ನುತ್ತಿದ್ದರು ಮಾವ.

ನಾನು ರಾಣೆಬೆನ್ನೂರಿನಿಂದ ಆ ಮನೆಗೆ ಸೊಸೆಯಾಗಿ ಬಂದಾಗ ಅವರ ಮೈಮೇಲೆ ಗುಲಗಂಜಿಯಷ್ಟೂ ಬಂಗಾರವಿರಲಿಲ್ಲ. ಮದುವೆಯಲ್ಲಿ ನನ್ನ ಅಪ್ಪ ತೊಡಿಸಿದ ಉಂಗುರವನ್ನು ಅವತ್ತೇ ಬಿಚ್ಚಿ ಅತ್ತೆಯ ಕೈಗೆ ಹಾಕಿದ್ದರು. "ಗಂಡಸಿಗೆ ಬಾಯಿಮಾತ ಬಂಗಾರ" ಎನ್ನುವುದು ಅವರ ನಿತ್ಯದ ಮಾತು. ಅವರ ಬೈಗುಳ ಕೇಳಿದವರಿಗೆ ಆ ಬಂಗಾರದಲ್ಲಿ ತಾಮ್ರ ಎಷ್ಟಿದೆ ಎಂಬ ಅನುಮಾನ ಬಾರದೆ ಇರುತ್ತಿರಲಿಲ್ಲ.

ಆಮೇಲೆ ಅತ್ತೆಗೆ ಕಾಯಿಲೆಯಾಯಿತು. ಹಾವೇರಿಯ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಒಳಗೆ ಒಯ್ಯುವ ಮೊದಲು ನರ್ಸು ಒಡವೆಯನ್ನೆಲ್ಲ ಬಿಚ್ಚಿಸಿ ಮಾವನ ಕೈಗೆ ಕೊಟ್ಟಳು. ಅವರು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡರು. "ಜ್ವಾಕಿ ಇಟಗೋರಿ. ಬರೇ ಕಿವೀಲೆ ಮನಿಗೆ ಬರಾಂಗಿಲ್ಲ ನಾ" ಎಂದು ಅತ್ತೆ ಒಳಗೆ ಹೋದರು. ರೋಗ ಬಲಿತಿತ್ತು, ಯಾರ ತಪ್ಪೂ ಅಲ್ಲ. ಅತ್ತೆ ಮನೆಗೆ ಬಂದದ್ದು ಬರಿ ಕಿವಿಯಲ್ಲೇ.

ಮುತ್ತೈದೆ ಸಾವು ಎಂದು ಹೆಂಗಸರು ಶವವನ್ನು ಗೋಡೆಗೆ ಕೂರಿಸಿ, ಅರಿಶಿನ ಹಚ್ಚಿ, ಆ ಒಡವೆಯನ್ನೆಲ್ಲ ಮತ್ತೆ ತೊಡಿಸಿದರು. ಎತ್ತುವ ಹೊತ್ತಿಗೆ ಬಿಚ್ಚಿ ಮಾವನ ಅಂಗೈಗೆ ಹಾಕಿದವರು ಅವರ ಅಕ್ಕ, ನಾವೆಲ್ಲ ದೊಡ್ಡತ್ತೆ ಎನ್ನುತ್ತಿದ್ದವರು. ಎಳೆಯ ವಯಸ್ಸಿನಲ್ಲೇ ಗಂಡ ಸತ್ತು ತವರಿಗೆ ಬಂದು ಉಳಿದವರು. ಓಣಿಯಲ್ಲಿ ಎಲ್ಲಿ ಸಾವಾದರೂ ಏನು ಯಾವಾಗ ತೆಗೆಯಬೇಕೆಂದು ಅವರನ್ನೇ ಕೇಳುತ್ತಿದ್ದರು.

ಮಾವ ಬೆಂಡೋಲೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಕೇಳಿದರು: "ಅಕ್ಕಾ, ನಾ ಸತ್ತಿದ್ರ ಈಕಿ ಮೈಮ್ಯಾಲಿಂದು ಏನೇನ ತೆಗೀತಿದ್ರಿ?"

"ಇದೇನ ಕೇಳೂದೋ? ತಾಳಿ, ಬಳಿ, ಮೂಗಬಟ್ಟು, ಕಿವ್ಯಾಂದು, ಕಾಲುಂಗರ."

"ಈಗ ಈಕಿ ಸತ್ತಾಳ. ನಂದೇನ ತೆಗೀತೀರಿ?"

ನಗುವ ಹೊತ್ತಲ್ಲದಿದ್ದರೂ ಯಾರೋ ನಕ್ಕರು. "ತೆಗಿಯಾಕ ಏನೂ ಇಲ್ಲಂದ್ರ ಹಾಕ್ಕೊಂತೇನಿ" ಎಂದರು ಮಾವ. ದುಃಖದ ಮಾತು ಎಂದು ನಾವೆಲ್ಲ ಬಿಟ್ಟುಬಿಟ್ಟೆವು.

ಕರ್ಮಗಳೆಲ್ಲ ಮುಗಿದ ಮೇಲೆ ಅವರು ನೆಟ್ಟಗೆ ಬಂಗಾರದ ಕೆಲಸದ ಪತ್ತಾರನ ಅಂಗಡಿಗೆ ಹೋಗಿ ಎರಡೂ ಕಿವಿ ಚುಚ್ಚಿಸಿಕೊಂಡು ಬಂದರು. ಅರವತ್ತು ಸಮೀಪಿಸಿದ ಕಿವಿ, ದಪ್ಪ ಚರ್ಮ. ಎಡಗಿವಿಗೇ ಜೀವ ಬಾಯಿಗೆ ಬಂದಿತ್ತಂತೆ, ಬಲಗಿವಿಗೆ ಸೂಜಿ ತಾಗಿದಾಗ ತಲೆ ಅಲುಗಿಸಿದರು. ಅದಕ್ಕೇ ಆ ಓರೆ. ಅಷ್ಟಕ್ಕೇ ಮುಗಿಯಲಿಲ್ಲ. ಹಸಿ ಗಾಯ ಹೊತ್ತುಕೊಂಡು ಮರುದಿನವೇ ಪೇಟೆಗೆ ಹೋದರು. ಮೆಣಸಿನಕಾಯಿ ಚೀಲ ಸುರಿಯುವಲ್ಲಿ ಗಾಳಿಯೇ ಖಾರ. ಮಧ್ಯಾಹ್ನಕ್ಕೆ ಕಿವಿಗಳು ಊದಿ ಕೆಂಡವಾಗಿದ್ದವು. ನಾನು ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚುತ್ತಿದ್ದರೆ ಅವರು ಪತ್ತಾರನನ್ನು ಬೈದರು, ಮೆಣಸಿನಕಾಯಿಯನ್ನು ಬೈದರು, ಸತ್ತ ಹೆಂಡತಿಯನ್ನೂ ಬಿಡಲಿಲ್ಲ. ಗಾಯ ಮಾಗಿ ಬೆಂಡೋಲೆ ತೊಟ್ಟ ದಿನ ಮಾತ್ರ ಬೈಗುಳವಿರಲಿಲ್ಲ. "ದಿನಾ ಇಷ್ಟು ಭಾರ ಹೊತ್ತಿದ್ಲೇನ ಆಕಿ" ಎಂದು ಬೆರಳಿನಿಂದ ಒಂದೊಂದೇ ಓಲೆಯನ್ನು ಎತ್ತಿ ತೂಗಿ ನೋಡಿದರು.

ಈಗ ಕಾಲೇಜು ಹುಡುಗರು ಕಿವಿಗೊಂದು ಟಿಕ್ಕಿ ಹಾಕಿಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ. ವ್ಯಾಪಾರಿಗಳ ಕೊರಳಲ್ಲಿ ಹಗ್ಗದಂಥ ಚೈನು, ಕೈಯಲ್ಲಿ ಕಡಗ. ಅದಕ್ಕೆಲ್ಲ ಮರ್ಯಾದೆ ಉಂಟು. ಹೆಂಡತಿಯ ಬೆಂಡೋಲೆಗೆ ಮಾತ್ರ ಇರಲಿಲ್ಲ. "ಸಾವಕಾರ್ರ, ಸೀರಿ ಯಾವಾಗ ಉಡಾವ್ರು?" ಎಂದು ಪೇಟೆಯಲ್ಲಿ ಒಬ್ಬ ಕೂಗಿದ. "ಸೀರಿ ಉಟ್ರ ಬಿಚ್ಚಿದ ಕೂಡ್ಲೇ ಹೋತು. ಇದು ಹಂಗಲ್ಲೋ, ಬಿಚ್ಚಿದ್ರೂ ತೂತು ಉಳೀತೈತಿ" ಎಂದರು ಮಾವ.

ಕೆಲವು ತಿಂಗಳ ಮೇಲೆ ಹೆಂಡತಿ ಸತ್ತ ಒಬ್ಬ ಹಮಾಲ ಅಂಗಡಿಯ ಬಾಗಿಲಲ್ಲಿ ಬಂದು ನಿಂತ. ಅವನಿಗೂ ಏನಾದರೂ ಹಾಕಿಕೊಳ್ಳುವ ಆಸೆ, ಮಂದಿಯ ಅಂಜಿಕೆ. ಹೇಗೆ ಶುರು ಮಾಡಿದಿರಿ ಎಂದು ಕೇಳಿದ. ಮಾವ ಮೆಣಸಿನಕಾಯಿಯ ದರ ಹೇಳುವ ಧಾಟಿಯಲ್ಲೇ ಹೇಳಿದರು: "ಮೊದಲ ಸಣ್ಣದು ಹಾಕ್ಕೋ. ಆಕೀ ಕಾಲುಂಗರ ಐತೇನು? ಕೈಯಾಗಿನ ಕಿರುಬಟ್ಟಿಗೆ ಹಾಕ್ಕೋ. ಕನ್ನಡಿ ನೋಡಬ್ಯಾಡ, ನಿನಗ ನಾಚಿಕಿ ಆಕ್ಕೈತಿ. ಮಂದಿ ನೋಡ್ಲಿ, ನೋಡಿ ನೋಡಿ ಅವರಿಗೇ ಸಾಕಾಕ್ಕೈತಿ. ಕಿವಿ ಚುಚ್ಚಿಸಿದ್ರ ಮಾತ್ರ ಎಂಟು ದಿನ ಪ್ಯಾಟಿಗೆ ಬರಬ್ಯಾಡೋ ಮಾರಾಯಾ!"

ನೋಡಿ ನೋಡಿಯೂ ರೂಢಿಯಾಗದೆ ಉಳಿದವರು ನನ್ನ ಗಂಡ. ಅಪ್ಪನ ಪಕ್ಕ ಅಂಗಡಿಯಲ್ಲಿ ಕೂರಲು ನಾಚಿಕೆಯೆಂದು ಹಾವೇರಿಯಲ್ಲಿ ಬೇರೆ ಕೆಲಸ ಹಿಡಿದರು. ದಿನಾ ಬೈಕಿನ ಮೇಲೆ ಹೋಗಿ ಬರುತ್ತಿದ್ದರು. ಒಂದು ಸಂಜೆ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕರು. ಮುಖ ನೋಡಲು ನನ್ನನ್ನು ಬಿಡಲಿಲ್ಲ.

ಗಂಡಸರು ಮಣ್ಣು ಕೊಡಲು ಹೋದ ಹೊತ್ತಿನಲ್ಲಿ ಹೆಂಗಸರು ನನ್ನನ್ನು ನಡುಮನೆಯಲ್ಲಿ ಕೂರಿಸಿದರು. ಬಳೆ ಒಡೆದರು. ಕಾಲುಂಗುರ ಎಳೆದರು. ತಾಳಿ ದೊಡ್ಡತ್ತೆಯ ಕೈಗೆ ಹೋಯಿತು. ಅವರ ಬೆರಳು ನನ್ನ ಕಿವಿಗೆ ಬಂದಾಗ ಮಾವ ಒಳಗೆ ಬಂದರು. ಸ್ನಾನ ಮಾಡಿರಲಿಲ್ಲ, ಮಗನಿಗೆ ಹಾಕಿದ ಮಣ್ಣು ಕೈಯಲ್ಲೇ ಇತ್ತು. ಹೆಂಗಸರು ಅತ್ತಿತ್ತ ಸರಿದರು. ಅವರು ಅಕ್ಕನ ಎದುರು ಕುಳಿತು ತಲೆ ಬಗ್ಗಿಸಿದರು.

"ಮೊದಲ ನಂದು ತೆಗಿ."

"ನಿಂದ್ಯಾಕೋ?"

"ಹೆಣ್ತಿ ಹ್ವಾದ್ಲು, ಮಗ ಹ್ವಾದ. ಈ ಮನ್ಯಾಗ ನನಗಿಂತ ಹೆಚ್ಚು ಕಳಕೊಂಡವರು ಯಾರದಾರ? ನಂದು ತೆಗದು ಆಮ್ಯಾಲ ಆಕೀ ಕಿವಿಗೆ ಕೈ ಹಚ್ಚು."

"ಮಂದಿ ಏನಂತಾರೋ?"

"ಅನ್ಲಿ. ಅನ್ನಿಸ್ಕೊಂಡು ನನಗ ರೂಢಿ ಆಗೇತಿ."

ದೊಡ್ಡತ್ತೆಯ ಕೈ ತಮ್ಮನ ಕಿವಿಯವರೆಗೆ ಹೋಗಿ ನಿಂತಿತು. ಆಗ ಅವರು ಹೇಳಿದ್ದನ್ನು ನಾನು ಮರೆತಿಲ್ಲ. "ನಂದು ತೆಗಿಯೂ ದಿನ ನೀನೂ ಇದ್ದೆಲ್ಲೋ ತಮ್ಮಾ. ಆವತ್ತ ಹಿಂಗ ಯಾರೂ ಬಂದು ಕುಂದ್ರಲಿಲ್ಲ."

ಮಾವ ತಲೆ ಎತ್ತಲಿಲ್ಲ. ದೊಡ್ಡತ್ತೆ ತಾಳಿಯನ್ನು ಅಲ್ಲೇ ಇಟ್ಟು ಎದ್ದುಹೋದರು. ನನ್ನ ಕಿವಿಯದು, ಮೂಗಿನದು ಉಳಿದವು. "ಇನ್ನೊಂಚೂರು ಲಗೂ ಬರಬೇಕಿತ್ತವ್ವಾ, ಬಳೀನೂ ಉಳೀತಿದ್ವು" ಎಂದು ಮಾವ ವರ್ಷಗಟ್ಟಲೆ ಹಳಹಳಿಸಿದರು.

ಆಮೇಲೆ ಅವರೇ ನನ್ನನ್ನು ಅಂಗಡಿಗೆ ಕರೆದೊಯ್ದು ಗಾದಿಯ ಮೇಲೆ ಕೂರಿಸಿದರು. ಅರಿಶಿನ ಕುಂಕುಮಕ್ಕೆ ನನ್ನನ್ನು ಯಾರೂ ಕರೆಯುವುದಿಲ್ಲ, ಇವತ್ತಿಗೂ ಇಲ್ಲ. ಅದು ಮಾವನಿಂದ ಆಗುವ ಕೆಲಸವಾಗಿರಲಿಲ್ಲ. ಅವರ ಕೈಲಾದದ್ದು ಕಿವಿಯಷ್ಟೇ.

ಹೋದ ಚಳಿಗಾಲದಲ್ಲಿ ಉಸಿರಿನ ತೊಂದರೆ ಹೆಚ್ಚಾಗಿ ಮಾವ ತೀರಿಕೊಂಡರು. ಅತ್ತೆಯನ್ನು ಕೂರಿಸಿದ ಗೋಡೆಗೇ ಅವರನ್ನೂ ಕೂರಿಸಿದೆವು. ಎತ್ತುವ ಹೊತ್ತಿಗೆ ಹಿರಿಯರೊಬ್ಬರು ಬಂಗಾರ ಬಿಚ್ಚಿರಿ ಎಂದರು. ಯಾರೂ ಮುಂದೆ ಬರಲಿಲ್ಲ, ನನಗೂ ಕೈ ಬರಲಿಲ್ಲ. ಕಣ್ಣು ಮಂಜಾದ ದೊಡ್ಡತ್ತೆ ಕೋಲೂರಿಕೊಂಡು ಬಂದು ತಮ್ಮನ ಕಿವಿ ತಡವಿದರು. ಎಡಗಡೆಯದು ಸಲೀಸಾಗಿ ಬಂತು. ಓರೆ ತೂತಿನದಕ್ಕೆ ಬಹಳ ಹೊತ್ತು ಹಿಡಿಯಿತು.

ಎರಡನ್ನೂ ಮುಷ್ಟಿಯಲ್ಲಿ ಹಿಡಿದು ನನ್ನನ್ನು ಹತ್ತಿರ ಕರೆದರು. ಸೆರಗು ಸರಿಸಿ ತಮ್ಮ ಕಿವಿಯನ್ನು ನನ್ನ ಕಡೆ ತಿರುಗಿಸಿದರು. "ತೂತು ಐತೇನ ನೋಡವ್ವಾ."

ನೋಡಿದೆ. ಬೆರಳಿನಿಂದ ಮುಟ್ಟಿಯೂ ನೋಡಿದೆ. ತೂತು ಉಳಿಯುತ್ತದೆ ಎಂದಿದ್ದ ಮಾವನ ಮಾತು ಸುಳ್ಳಾಗಿತ್ತು. ಎರಡು ಕಡೆಯೂ ಸಣ್ಣ ಗುಳಿ ಬಿಟ್ಟರೆ ಎಲ್ಲ ಕೂಡಿಕೊಂಡಿತ್ತು. ಅವರ ಸೆರಗನ್ನು ಮತ್ತೆ ಕಿವಿಯ ಮೇಲೆ ಎಳೆದೆ.

"ಗೊತ್ತೈತಿ ಬಿಡು" ಎಂದು ದೊಡ್ಡತ್ತೆ ಬೆಂಡೋಲೆಗಳನ್ನು ನನ್ನ ಅಂಗೈಗೆ ಒತ್ತಿದರು. "ನೀ ಹಾಕ್ಕೋ. ಒಂದಿನಾನೂ ಖಾಲಿ ಬಿಡಬ್ಯಾಡ, ಮುಚ್ಚಿಹೊಕ್ಕಾವ."

ನನ್ನವನ್ನು ಬಿಚ್ಚಿ ಅವರ ಎದುರೇ ಅವನ್ನು ಹಾಕಿಕೊಂಡೆ. ಆಮೇಲೆ ಮಾವನನ್ನು ಎತ್ತಿದರು.