ಟೇಲರಕ್ಕನ ಬೈಬಲಿನೊಳಗೆ ಅಳತೆ ಚೀಟಿ

ಟೇಲರಕ್ಕನ ಬೈಬಲು ದಪ್ಪ. ಎಂಥ ದಪ್ಪ ಅಂದರೆ, ಮುಚ್ಚಿಟ್ಟರೂ ಬಾಯಿ ತೆರೆದುಕೊಂಡೇ ಇರುತ್ತಿತ್ತು. ನೋಡಿದವರೆಲ್ಲ, "ಅಬ್ಬಬ್ಬಾ, ಓದಿ ಓದಿ ಹೀಗಾಗಿದೆ ನೋಡಿ!" ಎಂದು ಮೆಚ್ಚಿಕೊಳ್ಳುತ್ತಿದ್ದರು. ಅವಳು ಹೂಂ ಅನ್ನುತ್ತಿರಲಿಲ್ಲ, ಉಹೂಂ ಅಂತಲೂ ಅನ್ನುತ್ತಿರಲಿಲ್ಲ. ಸುಮ್ಮನೆ ತಲೆ ತಗ್ಗಿಸಿ ನಗುತ್ತಿದ್ದಳು. ಹಾಗೆ ಸುಮ್ಮನಿದ್ದದ್ದೂ ಒಂದು ಸುಳ್ಳೇ ಅಲ್ಲವೇ? ಆ ಸುಳ್ಳು ಒಂದು ಭಾನುವಾರ ಇಡೀ ಸಭೆಯ ಎದುರಿಗೆ ಬಯಲಾಯಿತು.

ವಿಷಯ ಇಷ್ಟೇ. ಮನೆಯ ಮುಂದಿನ ಕೋಣೆಯಲ್ಲಿ, ಬೀದಿ ಬಾಗಿಲಿಗೆ ಅಂಟಿಕೊಂಡಂತೆ, ಅವಳ ಹೊಲಿಗೆ ಮೆಷಿನ್ನು. ಅದರ ಪಕ್ಕದ ಗೂಡಿನಲ್ಲಿ ಬೈಬಲು. ಮದುವೆಯಾದ ಹೊಸದರಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಓದುತ್ತಿದ್ದಳು, ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದಳು. ಆಮೇಲೆ ಕೆಲಸ ಬಂತು, ಕೆಲಸದ ಹಿಂದೆಯೇ ಫೋನು ಬಂತು. ಗಿರಾಕಿಯ ಅಳತೆ ಬರೆದ ಚೀಟಿಯನ್ನು ಎಲ್ಲಿಡುವುದು? ಕೈಗೆ ಸಿಕ್ಕಿದ್ದು ಬೈಬಲು. ಅದರೊಳಗೆ ಸಿಕ್ಕಿಸಿದರೆ ಗಾಳಿಗೆ ಹಾರದು, ಎಣ್ಣೆ ತಾಗದು. ಒಂದು ಚೀಟಿ, ಹತ್ತು ಚೀಟಿ, ಇಪ್ಪತ್ತೆರಡು ವರ್ಷದ ಚೀಟಿ. ದಿನಕ್ಕೆ ಹತ್ತು ಸಲ ಬೈಬಲು ತೆರೆಯುತ್ತಿದ್ದಳು, ಅದು ನಿಜ. ಆದರೆ ಯಾರದೋ ತೋಳಿನ ಉದ್ದ ನೋಡಿ ಮುಚ್ಚಿಬಿಡುತ್ತಿದ್ದಳು.

ಆ ಭಾನುವಾರ ಆರಾಧನೆಯಲ್ಲಿ ಓದುವ ಸರದಿ ಅವಳದು. ಕೀರ್ತನೆ ಓದುತ್ತ ಹಾಳೆ ತಿರುವಿದಳು. ಮುಂದಿನ ಸಾಲು ಇರಬೇಕಾದ ಜಾಗದಲ್ಲಿ ಅವಳದೇ ಕೈಬರಹದ ಚೀಟಿ ಅಂಟಿಕೊಂಡಿತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸ ಬಿಟ್ಟೀತೇ? ಅದೇ ಗಂಭೀರ ದನಿಯಲ್ಲಿ ಓದಿಯೇ ಬಿಟ್ಟಳು: "ಶೋರೂಂ ಮೇಡಂ. ಎದೆ ನಲವತ್ತು. ಸೊಂಟ ನಲವತ್ನಾಲ್ಕು. ಕಂಕುಳ ಹತ್ರ ಸಡಿಲ ಬಿಡಬೇಕು."

ಕೊನೆಯ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ಇಡೀ ಚರ್ಚು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಾಸ್ಟರು ಕೆಮ್ಮಿದಂತೆ ಮಾಡಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ನಗದೆ ಕೂತವರು ಒಬ್ಬರೇ, ಗಾಯನ ತಂಡದ ಮುಂದಿನ ಕುರ್ಚಿಯಲ್ಲಿದ್ದ ಶೋರೂಂ ಮೇಡಂ. ದೊಡ್ಡ ಬಟ್ಟೆ ಶೋರೂಮಿನ ಒಡತಿ, ಗಾಯನ ತಂಡಕ್ಕೂ ಯಜಮಾನಿ. ಟೇಲರಕ್ಕನ ಮೆಷಿನ್ನು ಓಡುತ್ತಿದ್ದದ್ದೇ ಅವರ ಕೆಲಸದಿಂದ.

ಮನೆಗೆ ಬಂದ ಮೇಲೂ ಗಂಡನ ನಗು ನಿಲ್ಲಲಿಲ್ಲ. ಕಾಜ ಮಾಡಿ ಗುಂಡಿ ಹೊಲಿಯುವುದು ಅವನ ಪಾಲಿನ ಕೆಲಸ. "ಕಂಕುಳ ಹತ್ರ ಸಡಿಲ" ಎಂದು ನೆನಪಿಸಿಕೊಂಡು ಸೂಜಿ ಚುಚ್ಚಿಸಿಕೊಂಡು ಮತ್ತೆ ನಕ್ಕ. ಟೇಲರಕ್ಕ ನಗಲಿಲ್ಲ. ಬೈಬಲನ್ನು ತಲೆಕೆಳಗಾಗಿ ಹಿಡಿದು ಕೊಡವಿದಳು. ಚೀಟಿಗಳು ನೆಲದ ತುಂಬ ಬಿದ್ದವು. ಸತ್ತುಹೋದವರ ಅಂಗಿಯ ಅಳತೆ ಇತ್ತು. ಪುಟ್ಟ ಹುಡುಗಿಯರ ಫ್ರಾಕಿನ ಅಳತೆ ಇತ್ತು, ಆ ಹುಡುಗಿಯರಿಗೆ ಈಗ ಮಕ್ಕಳಿದ್ದಾರೆ.

"ನಗಬೇಡ್ರಿ," ಎಂದಳು. "ಇಷ್ಟು ಜನರ ಸೊಂಟ ನಂಗೆ ಬಾಯಿಪಾಠ. ಈ ಪುಸ್ತಕದಲ್ಲಿ ಏನಿದೆ ಅಂತ ಕೇಳಿದ್ರೆ ಬಾಯಿ ಕಟ್ಟುತ್ತೆ."

"ಹೊಟ್ಟೆಪಾಡು ಕಣೇ. ಅದು ದೇವರಿಗೆ ಗೊತ್ತಾಗಲ್ವಾ?"

"ಅವನಿಗೆ ನಾನು ಗೊತ್ತು. ನಂಗೆ ಅವನು ಮರೆತುಹೋಗಿದ್ದಾನೆ. ತೊಂದರೆ ಇರೋದು ಅಲ್ಲೇ."

ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು, ಹಿಂದೆಯೇ ಸಿಟ್ಟೂ ಬಂತು. ತನ್ನ ಮೇಲೆ, ಚೀಟಿಗಳ ಮೇಲೆ, ಫೋನಿನ ಮೇಲೆ. ನಾಳೆಯಿಂದ ಬೆಳಿಗ್ಗೆ ಆರರಿಂದ ಏಳರವರೆಗೆ ಬಾಗಿಲಿಗೆ ಚಿಲಕ, ಫೋನು ಡಬ್ಬಿಯೊಳಗೆ, ಯಾರೇ ಬರಲಿ ತೆಗೆಯುವುದಿಲ್ಲ ಎಂದಳು. ಗಂಡನ ನಗು ಅಲ್ಲಿಗೆ ನಿಂತಿತು. ಯಾಕೆಂದರೆ ಆರು ಗಂಟೆ ಅಂದರೆ ಮೇಡಂ ಫೋನು ಮಾಡುವ ಹೊತ್ತು. ಯಾವುದನ್ನು ಬಿಚ್ಚಬೇಕು, ಯಾವುದನ್ನು ಗಿಡ್ಡ ಮಾಡಬೇಕು ಎಂದು ಅವರು ದಿನದ ಕೆಲಸವನ್ನೆಲ್ಲ ಒಪ್ಪಿಸುತ್ತಿದ್ದದ್ದು ಆಗಲೇ.

"ಬೇರೆ ಹೊತ್ತು ಸಿಗಲಿಲ್ವಾ ನಿಂಗೆ?"

"ಬೇರೆ ಹೊತ್ತೆಲ್ಲ ಬೇರೆಯವರದ್ದಾಗಿದೆ. ಇದೊಂದು ನಂದು."

ಕೂತ ಕೂಡಲೇ ಸ್ವರ್ಗ ಇಳಿದು ಬಂತು ಅಂದುಕೊಳ್ಳಬೇಡಿ. ಕಣ್ಣು ಮುಚ್ಚಿದರೆ ಕಾಲರು ಕಾಣುತ್ತಿತ್ತು. ಖಾಲಿ ತಗಡಿನ ಡಬ್ಬಿಯೊಳಗೆ ಫೋನು ಗಡಗಡ ಎಂದು ಮನೆಯನ್ನೇ ಎಬ್ಬಿಸುತ್ತಿತ್ತು. ಅವಳ ಕೈ ತಾನಾಗಿಯೇ ಅತ್ತ ಚಾಚುತ್ತಿತ್ತು. "ಹೋಗ್ತೀಯಾ? ಹೋಗು ನೋಡೋಣ!" ಎಂದು ಕೈಯನ್ನೇ ಗದರಿಸಿ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತುಬಿಡುತ್ತಿದ್ದಳು. ಹಾಳೆ ತಿರುವುವಾಗ ಮಾತ್ರ ಒಂದು ಕೈಗೆ ಬಿಡುಗಡೆ.

ಮೊದಲ ದಿನ ಮೇಡಂ ಎಂಟು ಸಲ ಫೋನು ಮಾಡಿದ್ದರು. ಮಧ್ಯಾಹ್ನ ತಾವೇ ಬಂದರು.

"ಜನರ ಮುಂದೆ ನನ್ನ ಮಾನ ಕಳೆದಿದ್ದು ಸಾಲಲಿಲ್ವಾ? ಈಗ ಫೋನೂ ಎತ್ತಲ್ವಾ?"

"ನಿನ್ನೆಯದು ನನ್ನ ತಪ್ಪು ಮೇಡಂ, ಕೈ ಮುಗಿದು ಕೇಳ್ಕೋತೀನಿ, ಕ್ಷಮಿಸಿ. ಆದ್ರೆ ಆ ಒಂದು ಗಂಟೆ ಮಾತ್ರ ಕೇಳಬೇಡಿ."

"ಸರಿ. ಹಾಗಾದ್ರೆ ನೀನೂ ನನ್ನ ಹತ್ರ ಕೆಲಸ ಕೇಳಬೇಡ."

ಶೋರೂಮಿನ ಕೆಲಸ ಪಕ್ಕದ ಬೀದಿಯ ಟೇಲರಿಗೆ ಹೋಯಿತು. ಮೆಷಿನ್ನು ಅರ್ಧ ದಿನ ಸುಮ್ಮನಿರತೊಡಗಿತು. ಕಾಜ ಮಾಡಲು ಬಟ್ಟೆ ಇಲ್ಲದ ಗಂಡ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟ. "ಒಂದು ಗಂಟೆಗೋಸ್ಕರ ಮನೆ ಮುಳುಗಿಸ್ತಿದ್ದೀಯ," ಎಂದ. ಅವಳು ಜಗ್ಗಲಿಲ್ಲ. ಓದುತ್ತ ಹೋದಂತೆ ಒಂದೊಂದು ಸಾಲು ನೇರವಾಗಿ ಅವಳನ್ನೇ ಹೆಸರು ಹಿಡಿದು ಕರೆದಂತಾಗುತ್ತಿತ್ತು. ಪ್ರಾರ್ಥನೆಗೆ ಮಾತು ಹುಡುಕಬೇಕಾಗುತ್ತಿರಲಿಲ್ಲ, ತಾನಾಗಿ ಬರುತ್ತಿತ್ತು. ಗಂಡ ಇನ್ನೊಂದನ್ನೂ ಗಮನಿಸಿದ. ಹೊಲಿದು ಉಳಿದ ಬಟ್ಟೆಯನ್ನು ಯಾವ ಟೇಲರು ವಾಪಸು ಕೊಟ್ಟಿದ್ದಾನೆ? ಇವಳೂ ಇಷ್ಟು ವರ್ಷ ಕೊಟ್ಟವಳಲ್ಲ. ಈಗ ಅಂಗೈಯಗಲದ ತುಂಡನ್ನೂ ಮಡಚಿ, ಕೇಳದಿದ್ದರೂ ಗಿರಾಕಿಯ ಚೀಲಕ್ಕೆ ಹಾಕುತ್ತಿದ್ದಳು.

ಎರಡು ತಿಂಗಳಾಯಿತು. ಚರ್ಚಿನ ವಾರ್ಷಿಕೋತ್ಸವಕ್ಕೆ ಎರಡೇ ದಿನ ಇರುವಾಗ, ಬೆಳಿಗ್ಗೆ ಆರೂ ಇಪ್ಪತ್ತಕ್ಕೆ, ಯಾರೋ ಬಾಗಿಲು ದಬದಬ ಬಡಿದರು. ಶೋರೂಂ ಮೇಡಂ ದನಿ.

"ಟೇಲರಕ್ಕಾ! ನಾನು ಕಣಮ್ಮ! ಆ ಟೇಲರು ನಮ್ಮ ಗಾಯನ ತಂಡದ ನಿಲುವಂಗಿಗಳ ಕಂಕುಳನ್ನೆಲ್ಲ ಕೆಡಿಸಿಟ್ಟಿದ್ದಾನೆ. ಯಾರಿಗೂ ಹಾಡಿನ ಪುಸ್ತಕ ಎತ್ತೋಕೆ ಆಗ್ತಿಲ್ಲ. ಬಾಗಿಲು ತೆಗಿ!"

ಗಂಡ ಒಂದೇ ನೆಗೆತಕ್ಕೆ ಎದ್ದು ಚಿಲಕಕ್ಕೆ ಕೈ ಹಾಕಿದ.

"ಮುಟ್ಟಬೇಡಿ," ಎಂದಳು ಟೇಲರಕ್ಕ, ಕೂತಲ್ಲಿಂದಲೇ.

"ಶೋರೂಂ ಕೆಲಸ ಎಲ್ಲಾ ವಾಪಸು ಕೊಡ್ತೀನಿ, ಇವತ್ತಿಂದಲೇ!" ಎಂದಿತು ಹೊರಗಿನ ದನಿ.

ಅವಳ ಕೈಗಳೆರಡೂ ಮೇಲೆದ್ದವು, ಅಳತೆ ಟೇಪಿನ ಕಡೆಗೇ. ಗಂಡ ಅವಳ ಮುಖವನ್ನೇ ನೋಡುತ್ತಿದ್ದ. ಇವತ್ತೊಂದು ದಿನ ತೆಗೆದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ನಾಳೆ ಇನ್ನೊಂದು ದಿನ, ಆಮೇಲೆ ಇನ್ನೊಂದು ಚೀಟಿ. ಅವಳು ಕೈಗಳನ್ನು ತೊಡೆಯ ಕೆಳಗೆ ಸೇರಿಸಿದಳು.

"ಏಳಕ್ಕೆ ತೆಗೀತೀನಿ ಮೇಡಂ! ಕೂತು ಎಲ್ಲಾ ಸರಿ ಮಾಡಿಕೊಡ್ತೀನಿ!"

"ಇದು ದೇವರ ಕೆಲಸ ಕಣಮ್ಮ! ಇದಕ್ಕೂ ಇಲ್ಲ ಅಂತೀಯಾ?"

"ದೇವರ ಕೆಲಸ ಏಳಕ್ಕೆ ಶುರು ಮೇಡಂ. ಈಗ ದೇವರ ಹತ್ರಾನೇ ಮಾತಾಡ್ತಾ ಇದ್ದೀನಿ. ಮಧ್ಯೆ ಎದ್ದು ಬರೋಕಾಗಲ್ಲ!"

ಹೊರಗೆ ಕಾರಿನ ಬಾಗಿಲು ಧಡಾರನೆ ಮುಚ್ಚಿತು. ಕಾರು ಹೊರಟುಹೋಯಿತು.

ಉಳಿದ ನಲವತ್ತು ನಿಮಿಷ ಅವಳು ಎದ್ದೇಳಲಿಲ್ಲ. ಅತ್ತಳು, ಓದಿದಳು, ಮತ್ತೆ ಅತ್ತಳು, ಆದರೆ ಎದ್ದೇಳಲಿಲ್ಲ. ಸರಿಯಾಗಿ ಏಳಕ್ಕೆ ಚಿಲಕ ತೆಗೆದಳು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಬೀದಿಯ ಆ ತುದಿಯವರೆಗೂ ನೋಡಿ ಒಳಗೆ ಬಂದಳು.

ಗಂಡ ಗೋಡೆಗೆ ಒರಗಿ ನಿಂತೇ ಇದ್ದ. ಬೈಯುತ್ತಾನೆ ಎಂದು ಅವಳು ಕಾದಳು, ಉತ್ತರವೂ ಸಿದ್ಧವಾಗಿತ್ತು.

"ನಾಳೇನೂ ಆರಕ್ಕೇನಾ?" ಎಂದ.

"ಹೂಂ. ನಾಳೇನೂ ಆರಕ್ಕೇ."

ಅವನು ಗುಂಡಿ ಹೊಲಿಯುವ ತನ್ನ ಸ್ಟೂಲನ್ನು ಎಳೆದು ತಂದು ಅವಳ ಕುರ್ಚಿಯ ಪಕ್ಕಕ್ಕಿಟ್ಟ.

"ಅಂಥಾ ಮೇಡಮ್ಮನ್ನೇ ಬಾಗಿಲ ಹೊರಗೆ ನಿಲ್ಲಿಸಿಬಿಟ್ಟೆಯಲ್ಲ. ಒಳಗೆ ಕೂತು ನಿನ್ನ ಜೊತೆ ಮಾತಾಡೋನು ಯಾರು ಅಂತ ನಾನೂ ನೋಡಬೇಕು ಕಣೇ."