ಒಂದು ಕಣ ಧೂಳಿಲ್ಲದ ಟ್ಯಾಂಕು

2011ರ ಏಪ್ರಿಲ್‌ನಲ್ಲಿ ನಾನು ನಾಸಿಕದ ಒಂದು ತಪಾಸಣಾ ಸಂಸ್ಥೆಯಲ್ಲಿ ಕೋಟಿಂಗ್ ಇನ್‌ಸ್ಪೆಕ್ಟರ್ ಆಗಿದ್ದೆ. ಕಾರ್ಖಾನೆಗಳ ಟ್ಯಾಂಕು, ಪೈಪುಗಳಿಗೆ ಬಳಿಯುವ ರಕ್ಷಣಾ ಲೇಪನ ಸರಿಯಾಗಿದೆಯೇ ಎಂದು ನೋಡಿ ಸಹಿ ಹಾಕುವುದು ನನ್ನ ಕೆಲಸ. ಧಾರವಾಡ ಬಿಟ್ಟು ಹನ್ನೆರಡು ವರ್ಷವಾಗಿತ್ತು, ನಾಸಿಕದ ಪಂಚವಟಿಯಲ್ಲಿ ಮನೆ ಮಾಡಿದ್ದೆ. ಮೊಸರಲ್ಲಿ ಕಲ್ಲು ಹುಡುಕುವವನೆಂದು ಗುತ್ತಿಗೆದಾರರ ನಡುವೆ ಹೆಸರಾಗಿದ್ದೆ. ಆ ಹೆಸರಿನ ಬಗ್ಗೆ ನನಗೆ ಹೆಮ್ಮೆಯಿತ್ತು, ಸುಳ್ಳೇಕೆ ಹೇಳಲಿ.

ಆ ತಿಂಗಳು ನನಗೆ ಒಪ್ಪಿಸಿದ್ದು ಔರಂಗಾಬಾದಿನ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದ, ಒಂದು ರಾಸಾಯನಿಕ ಕಾರ್ಖಾನೆಯ, ಆಮ್ಲ ತುಂಬಿಡುವ ಟ್ಯಾಂಕು. ಐದು ಮೀಟರ್ ಅಗಲ, ಆರು ಮೀಟರ್ ಎತ್ತರ. ಬುಡದ ಪಕ್ಕದಲ್ಲಿ ಒಬ್ಬ ಮನುಷ್ಯ ಮೈ ಮುದುಡಿ ನುಸುಳುವಷ್ಟು ದೊಡ್ಡ ಮ್ಯಾನ್‌ಹೋಲ್. ಮೇಲೆ ಇನ್ನೊಂದು ಬಾಯಿ, ಅದರಿಂದ ಬ್ಲೋವರ್ ಎಂಬ ದೊಡ್ಡ ಫ್ಯಾನು ಹೊರಗಿನ ಗಾಳಿಯನ್ನು ಒಳಗೆ ನೂಕುತ್ತಿತ್ತು. ಒಳಗೆ ಬಳಿಯುವ ಎಪಾಕ್ಸಿ ಬಣ್ಣದಲ್ಲಿ ಅದನ್ನು ತೆಳುವಾಗಿಸುವ ಥಿನ್ನರ್ ಇರುತ್ತದೆ. ಅದರ ಆವಿ ಗಾಳಿಗಿಂತ ಭಾರ, ತಳದಲ್ಲಿ ಸೇರಿಕೊಳ್ಳುತ್ತದೆ. ಮೊದಲು ಅಮಲೇರಿಸುತ್ತದೆ, ಆಮೇಲೆ ಎಚ್ಚರ ತಪ್ಪಿಸುತ್ತದೆ. ಅದಕ್ಕೇ ಒಳಗೆ ಜನ ಇರುವಷ್ಟು ಹೊತ್ತೂ ಬ್ಲೋವರ್ ನಿಲ್ಲಬಾರದು.

ಬಳಿಯುವವರು ಯಾದಗಿರಿ ಕಡೆಯ ಅಣ್ಣ ತಮ್ಮ, ಶರಣಪ್ಪ ಮತ್ತು ನಾಗೇಶ. ಶರಣಪ್ಪನ ಹೆಂಡತಿ ಮಹಾದೇವಿ ಮ್ಯಾನ್‌ಹೋಲಿನ ಹೊರಗೆ ಕಾವಲು. ಇದಕ್ಕೆ ಅವರದೇ ಒಂದು ಪದ್ಧತಿಯಿತ್ತು. ಒಳಗಿನವರು ಆಗಾಗ ಬ್ರಶ್ಶಿನ ಹಿಡಿಯಿಂದ ಟ್ಯಾಂಕಿನ ಗೋಡೆಗೆ ಮೂರು ಸಲ ಕುಟ್ಟುವುದು, ಹೊರಗಿನಿಂದ ಅವಳು ನಟ್ಟು ತಿರುಗಿಸುವ ಪಾನಾದಿಂದ ಮೂರು ಸಲ ಕುಟ್ಟಿ ಉತ್ತರಿಸುವುದು. ವಾಕಿಟಾಕಿ ಯಾರೂ ಕೊಟ್ಟಿರಲಿಲ್ಲ. ಕನ್ನಡ ಕೇಳಿದ್ದೇ ಮೂವರೂ ನನ್ನನ್ನು ಮನೆಯವನಂತೆ ಕಂಡರು. ಮಹಾದೇವಿ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು, ನನಗೂ ಸೇರಿಸಿ.

ಮೊದಲ ಲೇಪನವನ್ನು ನಾನು ತಿರಸ್ಕರಿಸಿದೆ. ಪಕ್ಕದ ಅಂಗಳದಲ್ಲಿ ಮರಳು ಸಿಡಿಸಿ ಕಬ್ಬಿಣದ ತುಕ್ಕು ತೆಗೆಯುತ್ತಿದ್ದರು. ಆ ಧೂಳನ್ನೆಲ್ಲ ಬ್ಲೋವರ್ ಹೀರಿ ಹಸಿ ಬಣ್ಣದ ಮೇಲೆ ಸುರಿದಿತ್ತು. ಬೆರಳಾಡಿಸಿದರೆ ರವೆ ರವೆ. ಧೂಳು ಕೂತ ಕಡೆ ಲೇಪನ ಬೇಗ ಬಿರಿಯುತ್ತದೆ, ಆಮ್ಲ ಕಬ್ಬಿಣಕ್ಕೆ ಇಳಿಯುತ್ತದೆ. ಹಾಗಾಗಿ ತಿರಸ್ಕರಿಸಿದ್ದು ತಪ್ಪಲ್ಲ. ವರದಿಯಲ್ಲಿ ಬರೆದದ್ದು ಇಷ್ಟೇ: 'ಧೂಳು. ತಿರಸ್ಕೃತ. ಉಜ್ಜಿ ಮತ್ತೆ ಬಳಿಯಬೇಕು.' ಬ್ಲೋವರಿನ ಬಾಯಿಗೆ ಫಿಲ್ಟರ್ ಕಟ್ಟಿದರೆ ಮುಗಿಯಿತು ಎನ್ನುವುದು ನನಗೆ ಗೊತ್ತಿತ್ತು, ಆದರೆ ಬರೆಯಲಿಲ್ಲ. ಉಪಾಯ ಹೇಳುವುದು ಗುತ್ತಿಗೆದಾರನ ಕೆಲಸ, ತಪ್ಪು ಹುಡುಕುವುದಷ್ಟೇ ನನ್ನದು ಎಂದುಕೊಂಡಿದ್ದೆ.

ಶರಣಪ್ಪನ ಮುಖ ಸಣ್ಣದಾಯಿತು. ಎರಡು ದಿನದ ದುಡಿಮೆ ನೀರುಪಾಲಾಗಿತ್ತು. ಆದರೂ ನಕ್ಕ.

"ಈ ಸಲ ನೋಡ್ರಿ ಸಾಹೇಬ್ರ, ಒಂದ್ ಕಣ ಧೂಳ ಸಿಕ್ರ ನನ್ನ ಹೆಸರ ಬದಲ ಮಾಡ್ರಿ."

ಮರು ಲೇಪನದ ದಿನ ನಾನು ನಾಸಿಕದಿಂದ ಹೋಗುತ್ತಿದ್ದ ಬಸ್ಸು ಅರ್ಧ ದಾರಿಯ ಯೇವಲಾದಲ್ಲಿ ಕೆಟ್ಟು ನಿಂತಿತು. ಸೈಟಿಗೆ ತಲುಪಿದಾಗ ಹತ್ತೂವರೆ. ಅಣ್ಣ ತಮ್ಮ ಆಗಲೇ ಒಳಗಿದ್ದರು. ನಾನು ಟ್ಯಾಂಕಿನ ಹೊರಮೈಗೆ ಮಾಪಕ ಹಚ್ಚಿ ಕಬ್ಬಿಣದ ಬಿಸಿ ನೋಡಿದೆ, ಗಾಳಿಯ ತೇವ ಅಳೆದೆ. ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಕಬ್ಬಿಣ ಮೂರು ಡಿಗ್ರಿಯಾದರೂ ಹೆಚ್ಚು ಬಿಸಿ ಇರಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ. ಎಲ್ಲ ಸರಿಯಿತ್ತು, ಬರೆದುಕೊಂಡೆ. ಪಕ್ಕದಲ್ಲಿ ಮರಳು ಸಿಡಿಸುವವರು ಚಹಾಕ್ಕೆ ಹೋಗಿದ್ದರು, ಅಂಗಳ ಎಷ್ಟು ನಿಶ್ಶಬ್ದವಾಗಿದೆ ಅನ್ನಿಸಿ ಹಾಯೆನಿಸಿತು. ಒಂದು ಸದ್ದೂ ಏಕಿಲ್ಲ ಎಂದು ಯೋಚಿಸಲಿಲ್ಲ. ಇಂದಿಗೂ ನನ್ನನ್ನು ನಾನು ಕ್ಷಮಿಸದಿರುವುದು ಆ ಒಂದು ಗಳಿಗೆಗೆ.

ಚಹಾ ಕೈಗೆ ಬಂದಿತ್ತಷ್ಟೇ, ಮಹಾದೇವಿ ಓಡಿ ಬಂದಳು.

"ಸಾಹೇಬ್ರ, ಒಳಗಿಂದ ಕುಟ್ಟವಲ್ರು! ಆಗ ಐದ್ ಸಲ ಕುಟ್ಟಿದ್ರು, ಏಳ್ ಸಲ ಕುಟ್ಟಿದ್ರು. ಚಾಷ್ಟಿ ಮಾಡಾಕತ್ಯಾರ ಅಂತ ನಾನೂ ನಕ್ಕೊಂತ ಕುಟ್ಟಿದ್ನಿ. ಈಗ ಏನೂ ಇಲ್ರಿ!"

ಅದು ಚೇಷ್ಟೆಯಲ್ಲ, ಅಮಲು. ಎಣಿಕೆ ತಪ್ಪುವಷ್ಟು ಆವಿ ತಲೆಗೇರಿತ್ತು. ನಾನು ಓಡುತ್ತಲೇ ಮೇಲೆ ನೋಡಿದೆ. ಬ್ಲೋವರ್ ನಿಂತಿತ್ತು. ಗುತ್ತಿಗೆದಾರನ ಸೂಪರ್‌ವೈಸರ್ ಕದಮ್‌ಗೆ ಅದನ್ನು ಹಾಕು ಎಂದು ಕಿರುಚಿದೆ, ಉಸಿರಾಟದ ಸಿಲಿಂಡರ್ ಕಳಿಸಲು ಪಕ್ಕದ ಕಾರ್ಖಾನೆಗೆ ಫೋನು ಮಾಡಿಸಿದೆ. ನಮ್ಮ ಸೈಟಿನಲ್ಲಿ ಅಂಥದ್ದು ಒಂದೂ ಇರಲಿಲ್ಲ.

ಮಹಾದೇವಿ ಆಗಲೇ ಮ್ಯಾನ್‌ಹೋಲಿಗೆ ತಲೆ ಹಾಕಿದ್ದಳು. ಎಳೆದು ಹೊರಗೆ ಹಾಕಿದೆ. ಇಂಥ ಟ್ಯಾಂಕುಗಳಲ್ಲಿ ಬಿದ್ದವನನ್ನು ಎತ್ತಲು ಬರಿಗೈಯಲ್ಲಿ ಇಳಿದವರೂ ಅಲ್ಲೇ ಉಳಿಯುತ್ತಾರೆ. ಇದು ನಮಗೆ ಕಲಿಸಿದ ಮೊದಲ ಪಾಠ. ಮ್ಯಾನ್‌ಹೋಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟೆ. ಅವಳು ಎದೆಗೆ ಗುದ್ದಿದಳು, ಕೂದಲು ಹಿಡಿದು ಜಗ್ಗಿದಳು.

"ಬಿಡ್ರೀ, ನನ್ನ ಗಂಡ ಅದಾನ ಒಳಗ! ನಿಮ್ಮವ್ರು ಇದ್ದಿದ್ರ ಹಿಂಗ ಕುಂದರ್ತಿದ್ರೇನು?"

ನಾನು ಏಳಲಿಲ್ಲ. ಸಿಲಿಂಡರ್ ಹೊತ್ತ ಮನುಷ್ಯ ಬರಲು ಹದಿನೆಂಟು ನಿಮಿಷವಾಯಿತು. ನನ್ನ ಬೆನ್ನ ಹಿಂದೆ ಎರಡು ಮೂರು ಮಾರಿನೊಳಗೆ ಇಬ್ಬರು ಸಾಯುತ್ತಿದ್ದರು, ನಾನು ಬಾಗಿಲು ಕಾಯುತ್ತಿದ್ದೆ.

ಮ್ಯಾನ್‌ಹೋಲಿನ ಹತ್ತಿರ ಬಿದ್ದಿದ್ದ ನಾಗೇಶ ಬದುಕಿದ. ಶರಣಪ್ಪ ಆಚೆ ಗೋಡೆಯ ಬುಡದಲ್ಲಿದ್ದ. ಹೊರಗೆ ತಂದಾಗಲೇ ಜೀವ ಇರಲಿಲ್ಲ.

ಹತ್ತು ದಿನದ ಮೇಲೆ ಟ್ಯಾಂಕಿನ ತಪಾಸಣೆಗೆ ನನ್ನನ್ನೇ ಕಳಿಸಿದರು. ಗೋಡೆಯುದ್ದಕ್ಕೂ ಬೆರಳಾಡಿಸಿದೆ. ನುಣುಪು, ಒಂದು ಕಣ ಧೂಳಿರಲಿಲ್ಲ. ಆಚೆ ಗೋಡೆಯ ಬುಡದಲ್ಲಿ ಮಾತ್ರ ಹಸಿ ಬಣ್ಣದ ಮೇಲೆ ಒಂದು ಅಂಗೈ ಕೆಳಗೆ ಜಾರಿದ ಗುರುತಿತ್ತು. ನಿಯಮದ ಪ್ರಕಾರ ಅದು ದೋಷ. ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆಯಬೇಕು. ಎಳೆದೆ.

ವಿಚಾರಣೆಯಲ್ಲಿ ಕದಮ್, ಕೆಲಸಗಾರರೇ ತಮ್ಮ ಮನಸ್ಸಿನಿಂದ ಬ್ಲೋವರ್ ಬಂದ್ ಮಾಡಿಸಿದರು ಎಂದ. ಕೇಳಿದಷ್ಟಕ್ಕೆ ಉತ್ತರ ಕೊಟ್ಟು ಬಾ ಎಂದು ನನ್ನ ಮೇಲಧಿಕಾರಿ ಹೇಳಿ ಕಳಿಸಿದ್ದರು. ಕದಮನ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು. ಸತ್ತವನ ತಲೆಗೆ ಎಲ್ಲ ಕಟ್ಟಿ ಕಡತ ಮುಚ್ಚುವುದು ನನ್ನಿಂದ ಆಗಲಿಲ್ಲ. ನನ್ನ ತಿರಸ್ಕಾರದ ವರದಿಯನ್ನು ಮೇಜಿನ ಮೇಲಿಟ್ಟು, "ಅವರು ಬ್ಲೋವರ್ ನಿಲ್ಲಿಸಿದ್ದು ಈ ಧೂಳಿನ ಸಲುವಾಗಿ. ಫಿಲ್ಟರ್ ಹಾಕಿ ಎಂದು ನಾನು ಬರೆಯಬೇಕಿತ್ತು, ಬರೆಯಲಿಲ್ಲ" ಎಂದು ಹೇಳಿಕೆ ಕೊಟ್ಟೆ.

ಹೊರಗೆ ಪಡಸಾಲೆಯಲ್ಲಿ ಸಾಕ್ಷಿಗೆ ಬಂದ ಮಹಾದೇವಿ ಕೂತಿದ್ದಳು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ.

"ಸಾಹೇಬ್ರ, ಒಂದ ಕೇಳ್ತೀನ್ರಿ. ಧೂಳ ಕುಂತಿದ್ರ ಏನಾಗ್ತಿತ್ತು?"

"ಉಜ್ಜಿ ಮತ್ತ ಹಚ್ಚಬೇಕಾಗ್ತಿತ್ತವ್ವಾ."

"ಅಷ್ಟೇನ್ರಿ?"

"ಅಷ್ಟ."

ಅವಳು ತಲೆಯಾಡಿಸಿ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಆಮೇಲೆ ನಿವೃತ್ತನಾಗುವವರೆಗೂ ಧೂಳು ಕಂಡ ಲೇಪನವನ್ನು ತಿರಸ್ಕರಿಸುತ್ತಲೇ ಬಂದೆ. ಆದರೆ ಆ ತಪ್ಪನ್ನು ತಿದ್ದುವಾಗ ಒಳಗಿನವರು ಉಸಿರಾಡುವುದು ಹೇಗೆ ಎಂಬುದನ್ನೂ ಬರೆಯದೆ ಒಂದು ವರದಿಗೂ ಸಹಿ ಹಾಕಲಿಲ್ಲ. ಸೈಟಿಗೆ ಹೋದವನು ಚೀಲ ಇಳಿಸುವ ಮೊದಲು ಬ್ಲೋವರಿನ ಸದ್ದು ಕೇಳಿಸಿಕೊಳ್ಳುತ್ತಿದ್ದೆ. ಬಣ್ಣ ಹಿಡಿಯುವಷ್ಟು ಗಾಳಿ ಒಣಗಿದೆಯೇ ಎಂದು ಅಷ್ಟು ವರ್ಷ ಅಳೆದಿದ್ದ ನಾನು, ಅದೇ ಗಾಳಿ ಮನುಷ್ಯನಿಗೆ ಸಾಕೇ ಎಂದು ಅಳೆಯಲು ಕಲಿತದ್ದು ಶರಣಪ್ಪ ಸತ್ತ ಮೇಲೆ.